ಓಲೆಸುಂಡ್: ಎರಡು ದಿನದಲ್ಲಿ ನೋಡುವುದು ಹೇಗೆ, ಉಣ್ಣುವುದು ಎಲ್ಲಿ?

ಕಡಿದಾದ ಬೆಟ್ಟಗಳ ನಡುವೆ ಸಮುದ್ರ ಒಳನುಗ್ಗಿದ ಗೈರಾಂಗರ್ ಫಿಯೋರ್ಡ್‌ಗೆ ಹೊರಟವರು ದಾರಿಯಲ್ಲಿ ಓಲೆಸುಂಡ್‌ನಲ್ಲಿ ಒಂದು ರಾತ್ರಿ ಉಳಿಯುವುದುಂಟು. ಬೆಳಿಗ್ಗೆ ಗುಡ್ಡದ ಮೇಲಿಂದ ಒಂದು ಫೋಟೊ ತೆಗೆದರೆ ಮುಗಿಯಿತು, ಬ್ಯಾಗ್ ಎತ್ತಿ ಹೊರಟರು. ಹಾಗೆ ಮಾಡಬೇಡಿ. ನಾರ್ವೆಯ ಪಶ್ಚಿಮ ಕರಾವಳಿಯ ಈ ಊರು ಮೀನಿನಿಂದ ಬೆಳೆದದ್ದು, ಒಂದೇ ರಾತ್ರಿಯಲ್ಲಿ ಸುಟ್ಟುಹೋದದ್ದು, ಮೂರು ವರ್ಷದಲ್ಲಿ ಮತ್ತೆ ಎದ್ದು ನಿಂತದ್ದು. ಆ ಕಥೆ ಗೊತ್ತಿಲ್ಲದೆ ಗುಡ್ಡ ಹತ್ತಿದರೆ ಕಾಣುವುದು ಬರೀ ಚೆಂದದ ಚಾವಣಿಗಳು. ಅದಕ್ಕೇ ಗುಡ್ಡವನ್ನು ಸಂಜೆಗೆ ಇಟ್ಟುಕೊಳ್ಳಿ.

ಮೊದಲು, ಊರು ತಲುಪುವುದು

ಓಸ್ಲೋದಿಂದ ವಿಮಾನದಲ್ಲಿ ಬಂದರೆ ವಿಗ್ರಾ ಎಂಬ ದ್ವೀಪದಲ್ಲಿ ಇಳಿಯುತ್ತೀರಿ. ಅಲ್ಲಿಂದ ಊರಿಗೆ ಬರುವ ಬಸ್ಸು ಸಮುದ್ರದ ಅಡಿಯ ಸುರಂಗಗಳಲ್ಲಿ ನುಗ್ಗುತ್ತದೆ. ಸಮುದ್ರ ಮಟ್ಟಕ್ಕಿಂತ 140 ಮೀಟರಿಗೂ ಕೆಳಗೆ! ಸಮಯ ಇದ್ದರೆ ರೈಲು ಒಳ್ಳೆಯದು. ಓಂಡಲ್ಸ್‌ನೆಸ್‌ವರೆಗೆ ರೈಲಿದೆ, ಮುಂದೆ ಸುಮಾರು ಎರಡು ಗಂಟೆ ಬಸ್ಸು. ಜೂನ್‌ನಿಂದ ಆಗಸ್ಟ್ ಒಳ್ಳೆಯ ಕಾಲ. ಆದರೂ ಮಳೆ ಯಾವಾಗ ಬೇಕಾದರೂ ಬರುತ್ತದೆ. ಗಾಳಿಗೆ ಕೊಡೆ ನಿಲ್ಲುವುದಿಲ್ಲ, ರೇನ್‌ಕೋಟ್ ಒಯ್ಯಿರಿ.

ಇನ್ನೊಂದು ಮಾತು. ಹೆಸರಿನ ಕೊನೆಯ ‘ಡ್’ ಬರವಣಿಗೆಗೆ ಮಾತ್ರ. ಅಲ್ಲಿಯವರ ಬಾಯಲ್ಲಿ ಅದು ‘ಓಲೆಸುನ್’.

ಬೆಳಿಗ್ಗೆ: ಬೆಂಕಿಯ ಕಥೆಯಿಂದ ಶುರು

1904ರ ಜನವರಿ 23. ನಡುರಾತ್ರಿ ಕಳೆದ ಮೇಲೆ ಒಂದು ಕಾರ್ಖಾನೆಯಲ್ಲಿ ಹತ್ತಿದ ಬೆಂಕಿ ಬಿರುಗಾಳಿಗೆ ಸಿಕ್ಕು ಊರನ್ನೇ ನುಂಗಿತು. ಮನೆಗಳೆಲ್ಲ ಮರದವು, ಒತ್ತೊತ್ತಾಗಿ ಇದ್ದವು. ಸುಮಾರು 850 ಮನೆ ಬೂದಿಯಾದವು, ಹತ್ತಿರ ಹತ್ತಿರ 10,000 ಜನ ಆ ಚಳಿಯಲ್ಲಿ ಬೀದಿಗೆ ಬಿದ್ದರು. ಆಶ್ಚರ್ಯ ಏನೆಂದರೆ ಸತ್ತದ್ದು ಒಬ್ಬರೇ. ಜರ್ಮನಿಯ ಚಕ್ರವರ್ತಿ ಎರಡನೇ ವಿಲ್ಹೆಲ್ಮ್‌ಗೆ ಈ ಕಡೆಯ ಫಿಯೋರ್ಡ್‌ಗಳೆಂದರೆ ಬಲು ಇಷ್ಟ, ಬೇಸಿಗೆಗೆ ಬರುತ್ತಿದ್ದ. ಅವನು ಹಡಗುಗಳಲ್ಲಿ ಸಾಮಾನು ತುಂಬಿ ಕಳಿಸಿದ. ಊರಲ್ಲಿ ಇವತ್ತಿಗೂ ಅವನ ಹೆಸರಿನ ಬೀದಿ ಇದೆ.

ಇನ್ನು ಮರ ಬೇಡ, ಕಲ್ಲು ಇಟ್ಟಿಗೆಯಲ್ಲೇ ಕಟ್ಟಬೇಕು ಅಂತಾಯಿತು. 1907ರ ಹೊತ್ತಿಗೆ ಊರು ಹೆಚ್ಚುಕಡಿಮೆ ಮತ್ತೆ ನಿಂತಿತ್ತು. ಆಗ ಯುರೋಪಿನಲ್ಲಿ ಯೂಗೆಂಡ್ ಶೈಲಿ, ಅಂದರೆ ಬಳ್ಳಿ ಹೂವಿನಂಥ ಬಳುಕು ಗೆರೆಗಳ ‘ಆರ್ಟ್ ನುವೊ’, ಓಡುತ್ತಿದ್ದ ಕಾಲ. ಹಾಗಾಗಿ ಇಡೀ ಪೇಟೆ ಒಂದೇ ಶೈಲಿಯದು.

ಇದನ್ನೆಲ್ಲ ನೋಡಲು ಮೊದಲು ಯೂಗೆಂಡ್ ಶೈಲಿ ಕೇಂದ್ರಕ್ಕೆ ಹೋಗಿ. 1907ರ ಈ ಕಟ್ಟಡ ಮೊದಲು ಔಷಧದಂಗಡಿ, ಹೆಸರು ‘ಹಂಸ’. ಅಂಗಡಿಯ ಹಳೆಯ ಮರದ ಕೆಲಸ, ಮೆಟ್ಟಿಲು ಇನ್ನೂ ಹಾಗೇ ಇವೆ. ಹೊರಬಂದ ಮೇಲೆ ಒಂದು ಗಂಟೆ ಸುಮ್ನೆ ಬೀದಿ ಸುತ್ತಿ. ಅಂಗಡಿ ಗಾಜು ನೋಡುತ್ತಾ ಹೋಗಬೇಡಿ, ತಲೆ ಮೇಲೆತ್ತಿ. ಕಿಟಕಿಯ ಸುತ್ತ ಬಳ್ಳಿ, ಗೋಡೆಯಿಂದ ಇಣುಕುವ ಮುಖಗಳು, ಚೂಪು ಗೋಪುರಗಳು ಎಲ್ಲ ಇರುವುದು ಮೇಲೆಯೇ.

ಮಧ್ಯಾಹ್ನ: ಉಪ್ಪುಮೀನಿನ ಊಟ

ಇಲ್ಲಿ ತಿನ್ನಲೇಬೇಕಾದದ್ದು ‘ಬಕಲಾವ್’. ಕಾಡ್ ಮೀನನ್ನು ಉಪ್ಪು ಹಾಕಿ ಒಣಗಿಸಿದರೆ ಅದು ‘ಕ್ಲಿಪ್‌ಫಿಸ್ಕ್’. ಈ ಒಣಮೀನು ಇಲ್ಲಿಂದ ಪೋರ್ಚುಗಲ್, ಸ್ಪೇನ್, ಬ್ರೆಜಿಲ್‌ಗೆ ಹೋಯಿತು, ಅಲ್ಲಿಂದ ಅಡುಗೆಯ ರೀತಿ ವಾಪಸ್ ಬಂತು. ಮೀನನ್ನು ನೀರಲ್ಲಿ ನೆನೆಹಾಕಿ ಉಪ್ಪು ಬಿಡಿಸಿ, ಟೊಮೆಟೊ, ಈರುಳ್ಳಿ, ಆಲೂಗಡ್ಡೆ, ಆಲಿವ್ ಎಣ್ಣೆ, ಒಂಚೂರು ಮೆಣಸಿನಕಾಯಿ ಜೊತೆ ಬೇಯಿಸುತ್ತಾರೆ. ಒಣಮೀನು ಸಾರು ಉಂಡು ಬೆಳೆದ ಮಂಗಳೂರು, ಕಾರವಾರದವರಿಗೆ ಇದು ಹೊಸತಲ್ಲ. ಖಾರ ಮಾತ್ರ ನಮ್ಮ ನಾಲಿಗೆಗೆ ಸಾಲದು. ಎಕ್ಸ್‌ಎಲ್ ಡೈನರ್ ಎಂಬ ರೆಸ್ಟೋರೆಂಟ್ ಇದಕ್ಕೇ ಹೆಸರುವಾಸಿ. ತಾಜಾ ಮೀನು ಬೇಕಾದರೆ ಹಳೆಯ ಗೋದಾಮಿನಲ್ಲಿರುವ ಶೋಬುವಾ ಇದೆ, ಜೇಬು ಗಟ್ಟಿ ಇರಬೇಕು ಅಷ್ಟೆ.

ಸಸ್ಯಾಹಾರಿಗಳು ಮೆನುವಿನಲ್ಲಿ ‘ವೆಗೆಟಾರ್’ ಎಂಬ ಪದ ಹುಡುಕಿ. ಖರ್ಚು ಉಳಿಸಲು ಕೀವಿ, ರೇಮಾ 1000ದಂಥ ಅಂಗಡಿಯಲ್ಲಿ ಬ್ರೆಡ್ಡು, ಕಂದು ಚೀಸ್ ಕೊಳ್ಳಿ. ಭಾನುವಾರ ದೊಡ್ಡ ಅಂಗಡಿಗಳು ಬಾಗಿಲು ಹಾಕಿರುತ್ತವೆ, ಶನಿವಾರವೇ ಕೊಂಡಿಡಿ. ನೀರಿಗೆ ದುಡ್ಡು ಹಾಕಬೇಡಿ, ನಲ್ಲಿ ನೀರೇ ಚೆನ್ನಾಗಿದೆ.

ಊಟವಾದ ಮೇಲೆ

ಊರ ನಡುವಿನ ಬ್ರೂಸುಂಡೆಟ್ ಕಾಲುವೆಯ ಬದಿಯಲ್ಲಿ ನಡೆಯಿರಿ. ಬೆಂಕಿಗೆ ಸಿಗದೆ ಉಳಿದ ಹೋಲ್ಮ್‌ಬುವಾ ಎಂಬ ಮರದ ಗೋದಾಮಿನಲ್ಲಿ ಮೀನುಗಾರಿಕೆಯ ವಸ್ತುಸಂಗ್ರಹಾಲಯ ಇದೆ. ಚಿಕ್ಕದು, ಆದರೆ ಊರಿನ ದುಡ್ಡು ಎಲ್ಲಿಂದ ಬಂತು ಅಂತ ಇಲ್ಲೇ ಗೊತ್ತಾಗುವುದು. ಬಂದರಿನ ತುದಿಯಲ್ಲಿ ಒಂದು ಪುಟ್ಟ ದೀಪಸ್ತಂಭ ಕಾಣುತ್ತದೆ. ಅದು ಈಗ ಹೋಟೆಲ್ ಬ್ರೂಸುಂಡೆಟ್‌ನ 47ನೇ ನಂಬರಿನ ರೂಮು!

ಸಂಜೆ: 418 ಮೆಟ್ಟಿಲು

ಪೇಟೆಯ ಪಾರ್ಕಿನಿಂದ ಅಕ್ಸ್ಲಾ ಗುಡ್ಡದ ನೋಟದ ಜಾಗಕ್ಕೆ 418 ಮೆಟ್ಟಿಲು. ಮಂಡಿನೋವು ಇರುವವರಿಗೆ ಮೇಲಿನವರೆಗೆ ವಾಹನದ ರಸ್ತೆಯೂ ಇದೆ. ಜೂನ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ 11 ದಾಟಿದ ಮೇಲೆ, ಆತುರ ಬೇಡ. ಮೇಲಿಂದ ನೋಡಿದರೆ ಸಮುದ್ರದಲ್ಲಿ ಚಾಚಿದ ದ್ವೀಪಗಳ ಮೇಲೆ ಊರು ಒತ್ತೊತ್ತಾಗಿ ಕೂತಿದೆ. ಬೆಂಕಿ ಅಷ್ಟು ಬೇಗ ಯಾಕೆ ಹಬ್ಬಿತು ಅಂತ ಯಾರೂ ಹೇಳಬೇಕಾಗಿಲ್ಲ.

ಎರಡನೇ ದಿನ: ಎರಡರಲ್ಲಿ ಒಂದು

ಮಕ್ಕಳಿದ್ದರೆ ಊರಿಂದ ಮೂರು ಕಿಲೋಮೀಟರ್ ದೂರದ ಅಟ್ಲಾಂಟರ್‌ಹಾವ್ಸ್ ಪಾರ್ಕೆನ್ ಎಂಬ ಅಕ್ವೇರಿಯಂ. ಇಲ್ಲಿನ ಸಮುದ್ರದ ಮೀನುಗಳ ಜೊತೆ ಪೆಂಗ್ವಿನ್‌ಗಳೂ ಇವೆ.

ಇಲ್ಲದಿದ್ದರೆ ಗೂಡೋಯ್ ದ್ವೀಪದ ಅಲ್ನೆಸ್. ನನ್ನ ಓಟು ಇದಕ್ಕೇ. ಸುರಂಗ ದಾಟಿ ಹೋದರೆ ದ್ವೀಪದ ಆ ತುದಿಯಲ್ಲಿ 1936ರ ದೀಪಸ್ತಂಭ, ಬಿಳಿ ಬಣ್ಣಕ್ಕೆ ಕೆಂಪು ಪಟ್ಟಿ. ಮುಂದೆ ತೆರೆದ ಅಟ್ಲಾಂಟಿಕ್. ಪಕ್ಕದ ಕೆಫೆಯಲ್ಲಿ ಕೇಕು ಸಿಗುತ್ತದೆ.

ಮುಂದೆ ಫಿಯೋರ್ಡ್ ಕಡೆ ಹೊರಟಾಗ ಕಾರಿನ ಫೆರಿ ಹತ್ತಬೇಕಾಗಿ ಬಂದರೆ ಕ್ಯಾಂಟೀನಿನಲ್ಲಿ ‘ಸ್ವೇಲೆ’ ಕೇಳಿ. ಮೈದಾ, ಮೊಟ್ಟೆ, ಮಜ್ಜಿಗೆಯ ಹಿಟ್ಟನ್ನು ಕಾವಲಿಯ ಮೇಲೆ ಹುಯ್ದು, ಬೆಣ್ಣೆ ಸಕ್ಕರೆ ಸವರಿ ಮಡಚಿ ಕೊಡುತ್ತಾರೆ. ನೋಡಿದರೆ ಥೇಟ್ ಸೆಟ್ ದೋಸೆ, ಸಿಹಿ ಅಷ್ಟೆ. ಬಿಸಿ ಇರುವಾಗಲೇ ತಿನ್ನಿ, ದಡ ಬೇಗ ಬಂದುಬಿಡುತ್ತದೆ.