ಬೂಷ್ಟು ತೆಗೆಯುವ ಮೊದಲು ಶೀಟನ್ನು ನೋಡಿ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ ಸರಿಯಾಗಿ ಒಣಗುವುದೇ ಇಲ್ಲವಾದ್ದರಿಂದ ಬೀರುವಿನ ಹಿಂದೆ, ಅಟ್ಟದ ಮೂಲೆಯಲ್ಲಿ, ಬಚ್ಚಲುಮನೆಯ ಮಾಡಿನಡಿ ಬೂಷ್ಟು ಹಿಡಿಯುತ್ತದೆ. ಅದನ್ನು ತೆಗೆಯುವುದು ಕಷ್ಟವಲ್ಲ. ಆದರೆ ಗೋಡೆಯನ್ನು ಉಜ್ಜಿದಂತೆಯೇ ಸಿಮೆಂಟ್ ಶೀಟನ್ನೂ ಉಜ್ಜಲು ಹೋಗುವುದು ಅಪಾಯಕಾರಿ, ಏಕೆಂದರೆ ಹಳೆಯ ಶೀಟಿನಲ್ಲಿ ಸಾಮಾನ್ಯವಾಗಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಬೆರೆತಿರುತ್ತದೆ.

ಗೋಡೆಯ ವಿಷಯದಲ್ಲಿ ಮೊದಲು ನೀರಿನ ಮೂಲವನ್ನು ಹುಡುಕಬೇಕು: ಒಡೆದ ಹೆಂಚು, ಕಟ್ಟಿಕೊಂಡ ಮಳೆನೀರಿನ ದೋಣಿ, ಪಡುವಣ ಗಾಳಿಗೆ ಎರಚಲು ಹೊಡೆಯುವ ಗೋಡೆ. ಮಳೆಗೆ ಮುಂಚೆ ಗೋಡೆಗೆ ಅಡಿಕೆ ಸೋಗೆ ಕಟ್ಟುವ ಹಳೆಯ ರೂಢಿ ಇಂದಿಗೂ ಅಗ್ಗದ ಪರಿಹಾರವೇ ಸರಿ. ಬೂಷ್ಟನ್ನು ಒಣಗಿದ ಸ್ಥಿತಿಯಲ್ಲಿ ಕೆರೆಯದೆ, ಎನ್-95 ಮಾಸ್ಕ್ ಮತ್ತು ಕೈಗವಸು ಧರಿಸಿ, ಕಿಟಕಿ ತೆರೆದು, ಸಾಬೂನು ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಜಾಗವನ್ನು ಪೂರ್ತಿ ಒಣಗಿಸಬೇಕು. ಬ್ಲೀಚಿಂಗ್ ಪೌಡರ್ ಬಳಸುವವರು ಅದರೊಂದಿಗೆ ಶೌಚಾಲಯ ತೊಳೆಯುವ ಆಮ್ಲವನ್ನು ಎಂದಿಗೂ ಬೆರೆಸಬಾರದು. ಕ್ಲೋರಿನ್ ಅನಿಲ ಹೊರಡುತ್ತದೆ. ಉಬ್ಬಸದವರು ಈ ಕೆಲಸದಿಂದ ದೂರವಿರಲಿ. ಮಣ್ಣಿನ ಗೋಡೆಗೆ ಆಯಿಲ್ ಪೇಂಟ್ ಬಳಿದರೆ ತೇವ ಒಳಗೇ ಉಳಿಯುತ್ತದೆ; ಸುಣ್ಣ ಅದನ್ನು ಹೊರಬಿಡುತ್ತದೆ.

ಇನ್ನು ಶೀಟು. ಕಲ್ನಾರಿಲ್ಲದ ಶೀಟುಗಳೂ ನೋಡಲು ಹಾಗೆಯೇ ಇರುವುದರಿಂದ, ಪ್ರಯೋಗಾಲಯದ ಪರೀಕ್ಷೆ ಆಗದ ಹಳೆಯ ಶೀಟನ್ನು ಕಲ್ನಾರಿನದ್ದೆಂದೇ ಭಾವಿಸುವುದು ಕ್ಷೇಮ. ಗಟ್ಟಿಯಾಗಿರುವ ಶೀಟು ಸುಮ್ಮನೆ ಇರುವವರೆಗೆ ಹೆಚ್ಚಿನ ತೊಂದರೆಯಿಲ್ಲ. ಹತ್ತಾರು ಮಳೆಗಾಲ ಕಂಡ ಶೀಟಿನಲ್ಲಿ ಮಾತ್ರ ಮೇಲಿನ ಸಿಮೆಂಟು ತೊಳೆದುಹೋಗಿ ನಾರು ಹೊರಗೆ ಕಾಣುತ್ತಿರುತ್ತದೆ. ಅದರ ಪಾಚಿಯನ್ನು ತಂತಿ ಬ್ರಷ್ಷಿನಿಂದ ಉಜ್ಜಿದರೆ, ಪ್ರೆಷರ್ ಪಂಪಿನಿಂದ ತೊಳೆದರೆ, ಬೋಲ್ಟಿಗೆಂದು ತೂತು ಕೊರೆದರೆ ಕಣ್ಣಿಗೆ ಕಾಣದ ಎಳೆಗಳು ಬಿಡುಗಡೆಯಾಗಿ, ಗಾಳಿಯಲ್ಲಿ ಸೇರಿ ಶ್ವಾಸಕೋಶದಲ್ಲಿ ನೆಲೆಸುತ್ತವೆ. ಶ್ವಾಸಕೋಶದ ಕ್ಯಾನ್ಸರ್, ಆಸ್ಬೆಸ್ಟೋಸಿಸ್ (ಶ್ವಾಸಕೋಶ ಗಾಯಕಲೆಗಟ್ಟಿ ಗಡುಸಾಗುವ ರೋಗ), ಮೀಸೋಥೀಲಿಯೋಮಾ (ಹೆಚ್ಚಾಗಿ ಶ್ವಾಸಕೋಶದ ಹೊರಪೊರೆಗೆ ಬರುವ ಕ್ಯಾನ್ಸರ್) ದಶಕಗಳ ನಂತರ ತಲೆದೋರುವುದರಿಂದ ಕಾರಣ ಯಾರಿಗೂ ನೆನಪಿರುವುದಿಲ್ಲ. ಧೂಮಪಾನಿಗಳಿಗೆ ಕ್ಯಾನ್ಸರಿನ ಅಪಾಯ ಇನ್ನೂ ಹೆಚ್ಚು. ಆದ್ದರಿಂದ ಪಾಚಿಯನ್ನು ಹಾಗೇ ಬಿಡುವುದೇ ಮೇಲು. ಮಾಡಿನ ಮೇಲೆ ಹತ್ತಲೂಬಾರದು. ಮಂಗಗಳ ಜಿಗಿತಕ್ಕೇ ಬಿರಿಯುವ ಶೀಟು ಮನುಷ್ಯನ ಭಾರ ತಡೆಯುತ್ತದೆಂಬ ನಂಬಿಕೆ ಬೇಡ.

ಶೀಟು ಒಡೆದುಹೋಗಿ ಅದನ್ನು ಬದಲಿಸಲೇಬೇಕಾದರೆ ಅನುಭವಿ ಕೆಲಸಗಾರರಿಂದ ಮಾಡಿಸಿ, ಮಕ್ಕಳನ್ನೂ ದನಗಳನ್ನೂ ದೂರ ಕಳಿಸಿ. ಸ್ವಲ್ಪ ಸಾಬೂನು ಬೆರೆಸಿದ ನೀರನ್ನು ಮೆಲ್ಲನೆ ಸಿಂಪಡಿಸಿ ಶೀಟನ್ನು ನೆನೆಸಿ, ಬೋಲ್ಟನ್ನು ಬಿಚ್ಚಿ, ಇಡಿಯಾಗಿಯೇ ಕೆಳಗಿಳಿಸಬೇಕು, ಮೇಲಿಂದ ಎಸೆಯಬಾರದು. ಮುಖಕ್ಕೆ ಕಟ್ಟಿದ ಬಟ್ಟೆಯಾಗಲಿ ಸಾಮಾನ್ಯ ಮಾಸ್ಕಾಗಲಿ ಇಲ್ಲಿ ಸಾಲದು, ಅತಿ ಸಣ್ಣ ಕಣಗಳನ್ನೂ ತಡೆಯುವ ಪಿ-100 ದರ್ಜೆಯ ಮಾಸ್ಕೇ ಬೇಕು. ಚೂರುಗಳನ್ನು ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಬಳಿದು, ಎರಡು ಪದರದ ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡಬೇಕು. ತೋಟದ ದಾರಿಗೆ ಹಾಸುವುದು, ಗುಂಡಿ ತುಂಬಲು ಪುಡಿಮಾಡುವುದು ಕೂಡದು. ವಿಲೇವಾರಿಯ ಬಗ್ಗೆ ಗ್ರಾಮ ಪಂಚಾಯಿತಿಯಲ್ಲಿ ಅಥವಾ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ವಿಚಾರಿಸಿ. ಅಂದಿನ ಬಟ್ಟೆಯನ್ನು ಕೊಡವದೆ ಬೇರೆಯಾಗಿಯೇ ಒಗೆಯಬೇಕು.

ಬದಲಿಗೆ ತಗಡಿನ ಶೀಟು ಹಾಕಿಸುವವರು ಒಂದನ್ನು ಗಮನಿಸಲಿ: ಚಳಿಯ ರಾತ್ರಿ ತಗಡಿನಡಿ ಹೆಚ್ಚು ನೀರು ಹನಿಗಟ್ಟುವುದರಿಂದ, ಗಾಳಿ ಆಡಲು ಸಂದಿ ಬಿಡದಿದ್ದರೆ ಅಲ್ಲಿ ಬೂಷ್ಟು ಮತ್ತೆ ಬರುತ್ತದೆ.