ಪಿಪಿಇ ಕಿಟ್ ಒಳಗಿನ ಸೆಕೆ: ಹಾಕುವ ಮುಂಚಿನಿಂದ ಬಿಚ್ಚಿದ ಮೇಲಿನವರೆಗೆ ಏನು ಮಾಡಬೇಕು?

2021ರ ಮೇ ತಿಂಗಳು. ಹೊರಗೆ ಕಲಬುರಗಿ ಕಡೆಯ ಬಿಸಿಲು, ಒಳಗೆ ಕೋವಿಡ್ ವಾರ್ಡು. ನನ್ನ ಜೊತೆ ಡ್ಯೂಟಿಯಲ್ಲಿದ್ದ ಸಿಸ್ಟರ್ ಒಬ್ಬರು ಒಂದೇ ಬೆಡ್ಡಿನ ಡ್ರಿಪ್ಪನ್ನು ಎರಡು ಸಲ ನೋಡಿ ಬಂದರು. ಮೂರನೇ ಸಲವೂ ಅಲ್ಲಿಗೇ ಹೊರಟಾಗ "ಆರಾಮಿದ್ದೀರಾ?" ಅಂತ ಕೇಳಿದೆ. "ಆರಾಮ್ ಇದ್ದೀನಿ" ಅಂದರು. ಹತ್ತು ನಿಮಿಷದಲ್ಲಿ ಕಿಟ್ ಬಿಚ್ಚುವ ಕೋಣೆಯ ಗೋಡೆಗೆ ಒರಗಿ ಕುಸಿದರು. ಗ್ಲೌಸ್ ಎಳೆದಾಗ ಒಳಗಿನಿಂದ ಬೆವರು ನೀರಿನ ಹಾಗೆ ಸುರಿಯಿತು. ಗಾಗಲ್ಸ್ ಇನ್ನೂ ಕಣ್ಣ ಮೇಲಿತ್ತು, ಮಾಸ್ಕ್ ಆಗಲೇ ಕೈಯಲ್ಲಿತ್ತು.

ಕೊನೆಯಲ್ಲಿ ತೆಗೆಯಬೇಕಾದ ಮಾಸ್ಕನ್ನು ಅವರು ಮೊದಲೇ ತೆಗೆದುಬಿಟ್ಟಿದ್ದರು. ಆ ಸರತಿ ಅವರಿಗೆ ಬಾಯಿಪಾಠವಾಗಿತ್ತು, ನಮಗೆಲ್ಲ ಕಲಿಸಿದ್ದೇ ಅವರು. ಸೆಕೆ ಏರಿದಾಗ ಕೈಕಾಲು ಸೋಲುವ ಮುಂಚೆಯೇ ತಲೆ ಸೋಲಬಹುದು. ಕಿಟ್ ಬಿಚ್ಚುವ ಹೊತ್ತೇ ಸೋಂಕು ಮೈಗೆ ಹತ್ತುವ ದೊಡ್ಡ ಅಪಾಯದ ಹೊತ್ತು. ಅದಕ್ಕೇ ಸೆಕೆಯನ್ನು "ಸ್ವಲ್ಪ ಸಹಿಸಿಕೊಳ್ಳಿ" ಅಂತ ಬಿಡುವ ಹಾಗಿಲ್ಲ. ಕೋವಿಡ್ ಹೋಯಿತು, ಇನ್ನೇಕೆ ಈ ಮಾತು ಅನ್ನಬೇಡಿ. 2018ರಲ್ಲಿ ಪಕ್ಕದ ಕೇರಳದ ಕೋಳಿಕ್ಕೋಡ್‌ನಲ್ಲಿ ನಿಫಾ ಸೋಂಕು ಕಾಣಿಸಿಕೊಂಡಿದ್ದೂ ಮೇ ತಿಂಗಳಲ್ಲೇ.

ಮಡಕೆಗೆ ಪ್ಲಾಸ್ಟಿಕ್ ಸುತ್ತಿದರೆ

ಮಣ್ಣಿನ ಮಡಕೆ ಬೆವರುತ್ತದೆ, ಆ ನೀರು ಆರುತ್ತದೆ, ಒಳಗಿನ ನೀರು ತಣ್ಣಗಾಗುತ್ತದೆ. ನಮ್ಮ ಮೈಯೂ ಹಾಗೇ. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಮೈಯಿಂದ ಸುಮಾರು 580 ಕಿಲೋ ಕ್ಯಾಲರಿ ಶಾಖ ಹೋಗುತ್ತದೆ. ಈಗ ಅದೇ ಮಡಕೆಗೆ ಪ್ಲಾಸ್ಟಿಕ್ ಸುತ್ತಿ ನೋಡಿ. ನೀರು ಒಸರುತ್ತಲೇ ಇರುತ್ತದೆ, ತಣ್ಣಗಾಗುವುದಿಲ್ಲ. ಕಿಟ್ ಒಳಗೆ ಆಗುವುದು ಇದೇ. ಬೆವರು ಸುಮ್ನೆ ಹರಿದುಹೋಗುತ್ತದೆ. ನೀರು, ಉಪ್ಪು ಎರಡೂ ಕಳೆದುಕೊಳ್ಳುತ್ತೀರಿ, ತಂಪು ಮಾತ್ರ ಸಿಗುವುದಿಲ್ಲ.

ಎಲ್ಲ ಬಟ್ಟೆಯೂ ಒಂದೇ ಅಲ್ಲ. ಆವಿ ಹೊರಗೆ ಬಿಡದ, ಮೈಯೆಲ್ಲ ಮುಚ್ಚುವ ಕವರಾಲ್ ಹಾಕಿದ್ದರೆ, ಉಷ್ಣತೆ ಮತ್ತು ತೇವ ಸೇರಿಸಿ ಅಳೆಯುವ ಸೆಕೆಯ ಲೆಕ್ಕಕ್ಕೆ 11 ಡಿಗ್ರಿ ಸೆಲ್ಸಿಯಸ್ ಕೂಡಿಸಬೇಕು ಎಂಬುದು ಕೈಗಾರಿಕಾ ಆರೋಗ್ಯ ತಜ್ಞರ ರೂಢಿ. ಆವಿ ಬಿಡುವ, ನೂಲು ನೇಯದೆ ಮಾಡಿದ ತೆಳು ನಾನ್‌ವೋವನ್ ಕವರಾಲಿಗೆ ಅರ್ಧದಿಂದ ಒಂದು ಡಿಗ್ರಿ ಸಾಕು. ಎಷ್ಟು ವ್ಯತ್ಯಾಸ ಅಲ್ವಾ? ಹಾಗಾಗಿ ಮೊದಲ ಹೆಜ್ಜೆ ಒಂದು ಪ್ರಶ್ನೆ: ಈ ಕೆಲಸಕ್ಕೆ ಇಷ್ಟು ದಪ್ಪ ಕಿಟ್ ನಿಜಕ್ಕೂ ಬೇಕಾ? ಕೋವಿಡ್ ರೋಗಿಗಳ ಆರೈಕೆಗೆ ವಿಶ್ವ ಆರೋಗ್ಯ ಸಂಸ್ಥೆ ಕೇಳಿದ್ದು ಗೌನ್, ಮಾಸ್ಕ್, ಗ್ಲೌಸ್ ಮತ್ತು ಕಣ್ಣಿನ ರಕ್ಷಣೆ. ಮೈಯೆಲ್ಲ ಮುಚ್ಚುವ ಕವರಾಲನ್ನು ಅದು ಕಡ್ಡಾಯ ಮಾಡಿರಲಿಲ್ಲ. ಆದರೆ ಇದನ್ನು ನೀವೊಬ್ಬರೇ ತೀರ್ಮಾನಿಸಬೇಡಿ. ಸೋಂಕು ನಿಯಂತ್ರಣ ಸಮಿತಿಯ ಮುಂದೆ ಇಡಿ, ಲಿಖಿತ ಉತ್ತರ ತೆಗೆದುಕೊಳ್ಳಿ.

ಕಿಟ್ ಹಾಕುವ ಮುಂಚೆ

ತಿಂಡಿ ಬಿಡಬೇಡಿ. ಒಳಗೆ ತೆಳು ಹತ್ತಿಯ ಸ್ಕ್ರಬ್ಸ್ (ಆಸ್ಪತ್ರೆಯ ಡ್ಯೂಟಿ ಉಡುಪು) ಒಂದೇ ಸಾಕು, ಚೂಡಿದಾರದ ಮೇಲೆ ಕಿಟ್ ಬೇಡ. ತೂಕ ನೋಡಿ ಬರೆದಿಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಇನ್ನು ನೀರಿನ ವಿಷಯ. ಇಲ್ಲಿ ಸ್ವಲ್ಪ ನಿಲ್ಲಬೇಕು. ಕಿಟ್ ಡ್ಯೂಟಿ ಇದ್ದ ದಿನ ನಮ್ಮಲ್ಲಿ ಎಷ್ಟೋ ಜನ ಬೆಳಿಗ್ಗೆಯಿಂದ ನೀರನ್ನೇ ಕುಡಿಯುತ್ತಿರಲಿಲ್ಲ. ಮೂತ್ರಕ್ಕೆ ಹೋಗಬೇಕಾದರೆ ಕಿಟ್ ಬಿಚ್ಚಬೇಕು, ಬಿಚ್ಚಿದರೆ ಇನ್ನೊಂದು ಕಿಟ್ ಬೇಕು, ಕಿಟ್ ಲೆಕ್ಕ ಹಾಕಿ ಕೊಡುತ್ತಿದ್ದರು. ಮುಟ್ಟಿನ ದಿನಗಳಲ್ಲಿ ಇನ್ನೂ ಕಷ್ಟ. ಕೆಲವರು ಡೈಪರ್ ಹಾಕಿಕೊಂಡರು. ಉರಿಮೂತ್ರ ಬಂದರೂ ನಾಚಿಕೆಗೆ ಯಾರಿಗೂ ಹೇಳದೆ ಮಾತ್ರೆ ನುಂಗಿದರು. ನಾನೂ ಹೀಗೆ ಬಾಯಿ ಕಟ್ಟಿಕೊಂಡು ಒಳಗೆ ಹೋದವಳೇ. ಇದು ತಪ್ಪು, ಆದರೆ ನಮ್ಮೊಬ್ಬರದೇ ತಪ್ಪಲ್ಲ. ಪಾಳಿಯ ನಡುವೆ ಕಿಟ್ ಬಿಚ್ಚಿ ಹೊರಬರಲು ಅವಕಾಶವನ್ನೂ ಹೊಸ ಕಿಟ್ಟನ್ನೂ ಕೊಡದೆ "ನೀರು ಜಾಸ್ತಿ ಕುಡಿಯಿರಿ" ಅಂದರೆ ಪ್ರಯೋಜನವಿಲ್ಲ.

ಒಳಗೆ ಹೋಗುವ ಎರಡು ಗಂಟೆ ಮುಂಚಿನಿಂದ ಸುಮಾರು ಅರ್ಧ ಲೀಟರ್ ನೀರನ್ನು ಸ್ವಲ್ಪ ಸ್ವಲ್ಪವಾಗಿ ಕುಡಿಯಿರಿ. ಕಿಟ್ ಹಾಕುವ ಮುನ್ನ ಶೌಚಾಲಯಕ್ಕೆ ಹೋಗಿಬನ್ನಿ. ಮೂತ್ರ ತಿಳಿ ಹಳದಿ ಇದ್ದರೆ ಸರಿ. ಚಹಾದ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ದರೆ ಆ ಹೊತ್ತಿಗೆ ಕಿಟ್ ಹಾಕಲೇಬೇಡಿ. ಬಸುರಿಯರು, ಜ್ವರ ಅಥವಾ ಭೇದಿಯಿಂದ ಈಗಷ್ಟೇ ಎದ್ದವರು, ಬಿಪಿಗೆ ನೀರಿಳಿಸುವ ಮಾತ್ರೆ ತೆಗೆದುಕೊಳ್ಳುವವರು ಮೊದಲೇ ಇನ್‌ಚಾರ್ಜ್‌ಗೆ ತಿಳಿಸಿ.

ಜೋಡಿ ಮತ್ತು ಗಡಿಯಾರ

ಕಿಟ್ ಮೇಲೆ ಮಾರ್ಕರ್‌ನಿಂದ ಹೆಸರು ಬರೆದುಕೊಳ್ಳುವುದು ಎಲ್ಲರಿಗೂ ಗೊತ್ತು. ಹೆಸರಿನ ಕೆಳಗೆ ಇನ್ನೊಂದು ಸಾಲು ಬರೆಯಿರಿ: ಹೊರಬರುವ ಸಮಯ. ಎದೆ ಮೇಲೆ, ಬೆನ್ನ ಮೇಲೆ ಎರಡೂ ಕಡೆ. ನಿಮಗೆ ಮರೆತರೂ ಬೇರೆಯವರಿಗೆ ಕಾಣಬೇಕು.

ಎಷ್ಟು ಹೊತ್ತು ಇರಬಹುದು? ಎಲ್ಲ ವಾರ್ಡಿಗೂ ಒಂದೇ ಲೆಕ್ಕ ಇಲ್ಲ. 2014ರಲ್ಲಿ ಪಶ್ಚಿಮ ಆಫ್ರಿಕಾದ ಎಬೋಲಾ ಕೇಂದ್ರಗಳಲ್ಲಿ ಪೂರ್ತಿ ಕಿಟ್ ಹಾಕಿದವರು ಸುಮಾರು ಒಂದು ಗಂಟೆಯಲ್ಲಿ ಹೊರಬರುತ್ತಿದ್ದರು. ನಮ್ಮಲ್ಲಿ ಏಸಿ ಇಲ್ಲದ ವಾರ್ಡಿನಲ್ಲೂ ನಾಲ್ಕರಿಂದ ಆರು ಗಂಟೆ ಎಳೆದಿದ್ದೇವೆ. ಇದನ್ನು ನಾನು ಹೆಮ್ಮೆಯಿಂದ ಹೇಳುತ್ತಿಲ್ಲ.

ಪ್ರತಿಯೊಬ್ಬರಿಗೂ ಒಬ್ಬ ಜೋಡಿ ಇರಲಿ. ಅರ್ಧ ಗಂಟೆಗೊಮ್ಮೆ ಮುಖ ನೋಡಿ ಮಾತಾಡಿಸಬೇಕು. "ಆರಾಮಾ?" ಅಂತ ಕೇಳಬೇಡಿ, ಎಲ್ಲರೂ ಹೂಂ ಅಂತಾರೆ. "ಆರನೇ ಬೆಡ್ಡಿನ ಸ್ಯಾಚುರೇಷನ್ ಎಷ್ಟಿತ್ತು?" ಅಂತ ಕೇಳಿ. ತಡವರಿಸಿದರೆ, ಸಿಡುಕಿದರೆ, ಬೇರೆ ಬೆಡ್ಡಿನ ಲೆಕ್ಕ ಹೇಳಿದರೆ ಹೊರಗೆ ಕರೆದುಕೊಂಡು ಹೋಗಿ. ತಲೆನೋವು, ವಾಕರಿಕೆ, ಮೀನಖಂಡ ಹಿಡಿದುಕೊಳ್ಳುವುದು, ಕಣ್ಣು ಕತ್ತಲೆ ಬರುವುದು, ಇವುಗಳಲ್ಲಿ ಒಂದು ಕಂಡರೂ ಸಾಕು. "ಈ ಇಂಜೆಕ್ಷನ್ ಒಂದು ಕೊಟ್ಟು ಬರ್ತೀನಿ" ಅನ್ನುವುದಕ್ಕೆ ಜೋಡಿ ಒಪ್ಪಬಾರದು. ಆ ಇಂಜೆಕ್ಷನ್ ಜೋಡಿಯೇ ಕೊಡಲಿ ಅಥವಾ ಹೊಸಬರನ್ನು ಒಳಗೆ ಕರೆಸಲಿ.

ಬಿಚ್ಚುವಾಗ

ಇದಕ್ಕೆ ಕನಿಷ್ಠ ಹತ್ತು ನಿಮಿಷದ ಶಕ್ತಿ ಉಳಿದಿರಬೇಕು. ಬರೆದ ಸಮಯಕ್ಕೆ ಹೊರಡಿ ಅನ್ನುವುದು ಅದಕ್ಕೇ. ಕೋಣೆಯಲ್ಲಿ ಒರೆಸಿ ಶುಚಿ ಮಾಡಬಹುದಾದ ಸ್ಟೂಲ್ ಇರಲಿ. ಒಬ್ಬರು ದೂರ ನಿಂತು ಒಂದೊಂದೇ ಹೆಜ್ಜೆಯನ್ನು ಜೋರಾಗಿ ಓದಬೇಕು, ಬಿಚ್ಚುವವರು ಅಷ್ಟನ್ನೇ ಮಾಡಬೇಕು. ತಲೆ ಗಿರ್ ಅಂದರೆ ಕೂತು, ಕಣ್ಣು ಮುಚ್ಚಿ, ಉಸಿರಾಡಿ ಮುಂದುವರಿಯಿರಿ. ಇಪ್ಪತ್ತು ವರ್ಷ ಸರ್ವಿಸ್ ಆದವರಿಗೂ ಓದಿ ಹೇಳಬೇಕು.

ಬಿಚ್ಚಿದ ಮೇಲೆ

ಕೈ ಚೆನ್ನಾಗಿ ತೊಳೆದು ರೆಸ್ಟ್ ರೂಮಿಗೆ ಬಂದ ಮೇಲೆ ಒಂದು ಸುಲಭ ಉಪಾಯ ಇದೆ. ದೊಡ್ಡ ಟಬ್ಬಿನಲ್ಲಿ ತಣ್ಣೀರು ತುಂಬಿ, ಮೊಣಕೈವರೆಗೆ ಎರಡೂ ಕೈ ಅದ್ದಿ 10ರಿಂದ 15 ನಿಮಿಷ ಕೂರಿ. ಫ್ಯಾನ್ ಮುಖಕ್ಕೆ ಬೀಸುತ್ತಿರಲಿ. ಅಂಗೈ, ಮುಂಗೈಯಲ್ಲಿ ರಕ್ತದ ಓಡಾಟ ಜಾಸ್ತಿ, ಮೈಯ ಕಾವು ಬೇಗ ಇಳಿಯುತ್ತದೆ. ಅಗ್ನಿಶಾಮಕ ಸಿಬ್ಬಂದಿಯೂ ಇದನ್ನೇ ಮಾಡುತ್ತಾರೆ. ಎರಡು ಪ್ಲಾಸ್ಟಿಕ್ ಟಬ್ಬಿಗೆ ಎಷ್ಟು ದುಡ್ಡಾದೀತು?

ಮತ್ತೆ ತೂಕ ನೋಡಿ. ಒಂದು ಕಿಲೋ ಇಳಿದಿದ್ದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹೋಗಿದೆ ಅಂತ ಲೆಕ್ಕ. 60 ಕಿಲೋ ತೂಕದವರು 1.2 ಕಿಲೋ ಕಳೆದುಕೊಂಡರೆ ಅದು ನೂರಕ್ಕೆ ಎರಡು. ಅಷ್ಟಾದರೆ ಕೆಲಸದ ಚುರುಕು ಕುಗ್ಗತೊಡಗುತ್ತದೆ, ಮುಂದಿನ ಸಲ ಪಾಳಿ ಚಿಕ್ಕದು ಮಾಡಲೇಬೇಕು. ಉಪ್ಪು ಹಾಕಿದ ನೀರುಮಜ್ಜಿಗೆ, ಗಂಜಿ, ಓಆರ್‌ಎಸ್ ಯಾವುದಾದರೂ ಸರಿ. ಪ್ಯಾಕೆಟ್ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಮಟ್ಟಸ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಒಂದೇ ಉಸಿರಿಗೆ ಗಟಗಟ ಬೇಡ. ಗಂಟೆಗೆ ಒಂದೂವರೆ ಲೀಟರ್ ಮೀರಬಾರದು.

ಕುಸಿದುಬಿದ್ದರೆ

ಮಾತು ತೊದಲುತ್ತಿದೆ, ಇಲ್ಲದ್ದನ್ನು ಹೇಳುತ್ತಿದ್ದಾರೆ, ಮೈ ಕಾವು 40 ಡಿಗ್ರಿ ಸೆಲ್ಸಿಯಸ್ ಹತ್ತಿರ ಇದೆ ಅಂದರೆ ಅದು ಹೀಟ್ ಸ್ಟ್ರೋಕ್. ಮೈ ಒಣಗಿರಬೇಕು ಅಂತೇನಿಲ್ಲ, ಕಿಟ್ ಒಳಗೆ ಬೆವರಿನಿಂದ ತೊಯ್ದಿರುತ್ತದೆ. ಕತ್ತರಿ ತಂದು ಕಿಟ್ ಕತ್ತರಿಸಿ ತೆಗೆಯಿರಿ, ಸರತಿ ಪ್ರಕಾರ ಬಿಚ್ಚಲು ಹೊತ್ತಿಲ್ಲ. ಕತ್ತರಿಸುವವರು ಕಿಟ್ ಹಾಕಿರಲಿ. ಮೈಯೆಲ್ಲ ತಣ್ಣೀರು ಸುರಿದು ಫ್ಯಾನ್ ಬಿಡಿ, ಕತ್ತು, ಕಂಕುಳು, ತೊಡೆಸಂದಿಗೆ ಐಸ್ ಇಡಿ. ಐಸಿಯುಗೆ ಸಾಗಿಸುವ ಮುಂಚೆಯೇ ತಂಪು ಮಾಡಲು ಶುರುವಾಗಬೇಕು. ಪ್ಯಾರಾಸಿಟಮಾಲ್ ಈ ಕಾವನ್ನು ಇಳಿಸುವುದಿಲ್ಲ. ಎಚ್ಚರ ಸರಿ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ಪಾಳಿ ಪಟ್ಟಿ ಬರೆಯುವವರಿಗೆ

ಕಲ್ಯಾಣ ಕರ್ನಾಟಕದಲ್ಲಿ ಏಪ್ರಿಲ್, ಮೇ ಬಂದರೆ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಆಸ್ಪತ್ರೆ ಮುಚ್ಚಲಾಗದು, ಸರಿ. ಆದರೆ ರೋಗಿಗಳ ಮೈ ಒರೆಸುವುದು, ಹಾಸಿಗೆ ಬದಲಿಸುವುದು, ಮಗ್ಗುಲು ಹೊರಳಿಸುವುದು ಇಂಥ ಭಾರದ ಕೆಲಸ ಬೆಳಗಿನ ತಂಪಿಗೆ ಬರಲಿ. ಮಧ್ಯಾಹ್ನದ ಪಾಳಿ ಚಿಕ್ಕದಿರಲಿ.

ಹೊಸಬರನ್ನು ಮೊದಲ ದಿನವೇ ಪೂರ್ತಿ ಪಾಳಿಗೆ ಹಾಕಬೇಡಿ. ಮೈ ಸೆಕೆಗೆ ಒಗ್ಗಲು ಒಂದರಿಂದ ಎರಡು ವಾರ ಬೇಕು. ಮೊದಲ ದಿನ ಪಾಳಿಯ ಐದನೇ ಒಂದು ಭಾಗ, ಆಮೇಲೆ ದಿನಕ್ಕೆ ಅಷ್ಟಷ್ಟೇ ಏರಿಸಿ. ಹಳಬರು ರಜೆ ಮುಗಿಸಿ ಬಂದರೆ ಮೊದಲ ದಿನ ಅರ್ಧ, ನಾಲ್ಕನೇ ದಿನಕ್ಕೆ ಪೂರ್ತಿ.

ಅವತ್ತು ಕುಸಿದಿದ್ದ ಸಿಸ್ಟರ್ ವಾರ ಕಳೆದು ವಾರ್ಡಿಗೆ ಮರಳಿದರು. ಮೊದಲ ದಿನ ಅರ್ಧ ಪಾಳಿ. ಒಳಗೆ ಹೋಗುವ ಮುಂಚೆ ನನ್ನನ್ನು ತಿರುಗಿ ನಿಲ್ಲಿಸಿ, ಮಾರ್ಕರ್ ಹಿಡಿದು ನನ್ನ ಬೆನ್ನ ಮೇಲೆ ಹೊರಬರುವ ಸಮಯ ಬರೆದರು: 10.15.