ಟೆಂಟ್ ಅಡುಗೆ ಅರ್ಧ ಮನೆಯಲ್ಲೇ ಮುಗಿಯಬೇಕು

ಮಳೆ ನಿಂತು ಚಳಿ ಶುರುವಾದರೆ ಸಾಕು, ನಮ್ಮ ಮನೆ ಹುಡುಗರಿಗೆ ಟೆಂಟ್ ನೆನಪಾಗುತ್ತದೆ. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾ ಕಡೆ ಕಡಲಂಚಿಗೆ, ಇಲ್ಲವೇ ಘಟ್ಟದ ಮೇಲೇ ನೆಂಟರ ತೋಟದ ಪಕ್ಕದ ಬೇಣಕ್ಕೆ, ಅಂದರೆ ಹುಲ್ಲು ಬೆಳೆಯುವ ಬಯಲಿಗೆ. ಊಟದ ಜವಾಬ್ದಾರಿ ಯಾವಾಗಲೂ ನನ್ನದೇ. ಜಾಗ ಗೊತ್ತಾದ ಕೂಡಲೇ ನಾನು ಕೇಳುವುದು ಒಂದೇ: ಅಲ್ಲಿ ನೀರು ಎಲ್ಲಿದೆ?

ಏನು ಬೇಯಿಸಬೇಕು ಅನ್ನುವುದನ್ನು ನೀರೇ ಹೇಳುತ್ತದೆ. ತೋಟದಲ್ಲಿ ಬಾವಿ ಇದ್ದರೆ ಅನ್ನ, ಸಾರು, ಪಾತ್ರೆ ತೊಳೆಯುವುದು ಯಾವುದಕ್ಕೂ ಚಿಂತೆಯಿಲ್ಲ. ಕಡಲಂಚಿನಲ್ಲಿ ಒಂದೊಂದು ಲೋಟವನ್ನೂ ಹೊತ್ತುಕೊಂಡೇ ಹೋಗಬೇಕು. ಕುಡಿಯಲು ತಲೆಗೆ ದಿನಕ್ಕೆ 3 ಲೀಟರ್, ಅಡುಗೆಗೆ 1 ಲೀಟರ್ ಅಂತ ಲೆಕ್ಕ ಹಿಡಿಯುತ್ತೇನೆ. ಐದು ಜನ ಅಂದರೆ ದಿನಕ್ಕೆ 20 ಲೀಟರಿನ ಒಂದು ಕ್ಯಾನ್. ಹಳ್ಳದ ನೀರಾದರೆ ಬಟ್ಟೆಯಲ್ಲಿ ಸೋಸಿ, ಕೊತಕೊತ ಕುದಿಸದೆ ಯಾರಿಗೂ ಕೊಡುವುದಿಲ್ಲ.

ಹಾಗಾಗಿ ಕುಚ್ಚಲಕ್ಕಿ ಮನೆಯಲ್ಲೇ ಉಳಿಯುತ್ತದೆ. ಅದು ಬೇಯುವಷ್ಟರಲ್ಲಿ ಸಣ್ಣ ಗ್ಯಾಸ್ ಡಬ್ಬಿಯ ಜೀವ ಅರ್ಧ ಹೋಗಿರುತ್ತದೆ. ನಾನು ಒಯ್ಯುವುದು ಖಿಚಡಿಯ ಪೊಟ್ಟಣ. ಎರಡು ದಿನ ಮೊದಲೇ ಬೆಳ್ತಿಗೆ ಅಕ್ಕಿಯನ್ನೂ ಹೆಸರುಬೇಳೆಯನ್ನೂ ತೊಳೆದು, ಬಿಸಿಲಿಗೆ ಹರವಿ, ಚೆನ್ನಾಗಿ ಒಣಗಿಸುತ್ತೇನೆ. ಆಮೇಲೆ ಸಣ್ಣ ಉರಿಯಲ್ಲಿ ಹುರಿದು ಆರಿಸುವುದು. ಒಂದು ಲೋಟ ಅಕ್ಕಿಗೆ ಅರ್ಧ ಲೋಟ ಬೇಳೆ, ಅದಕ್ಕೆ ಜೀರಿಗೆ, ಕಾಳುಮೆಣಸು, ಅರಿಶಿನ, ಉಪ್ಪು ಎಲ್ಲ ಸೇರಿಸಿ ಒಂದು ಹೊತ್ತಿನದ್ದು ಒಂದು ಪೊಟ್ಟಣ. ಅಲ್ಲಿ ಹೋಗಿ ಅಕ್ಕಿ ತೊಳೆಯುವ ನೀರು ಉಳಿಯಿತು, ಡಬ್ಬಿ ಹುಡುಕುವ ಗಲಾಟೆಯೂ ತಪ್ಪಿತು. ಐದು ಲೋಟ ನೀರು ಕುದಿಸಿ, ಪೊಟ್ಟಣ ಸುರಿದು, ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಿದರೆ ಆಯಿತು.

ಜೊತೆಗೆ ಮುರುಗಲ (ಕೋಕಂ) ಹುಳಿ. ನನ್ನ ಪ್ರಕಾರ ಬಯಲಿನ ಊಟಕ್ಕೆ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಒಣಗಿದ ಸಿಪ್ಪೆ ಒಂದು ಹಿಡಿ ಸಾಕು, ತೂಕವೇ ಇಲ್ಲ, ಕೆಡುವುದೂ ಇಲ್ಲ. ಟೆಂಟ್ ಹಾಕುವಾಗ ನೀರಲ್ಲಿ ನೆನೆಸಿಟ್ಟರೆ ಊಟದ ಹೊತ್ತಿಗೆ ಕೆಂಪಗೆ ಬಿಟ್ಟುಕೊಂಡಿರುತ್ತದೆ. ಕಿವುಚಿ ಉಪ್ಪು, ಚೂರು ಬೆಲ್ಲ, ಹಸಿಮೆಣಸು ಹಾಕಿ, ಕೊಬ್ಬರಿ ಎಣ್ಣೆಯಲ್ಲಿ ಸಾಸಿವೆ, ಇಂಗಿನ ಒಗ್ಗರಣೆ ಕೊಟ್ಟರೆ ಮುಗಿಯಿತು. ಬೇಯಿಸುವ ಕೆಲಸವೇ ಇಲ್ಲ.

ಬೆಳಗಿನ ತಿಂಡಿಗೆ ಹುರಿದ ಅವಲಕ್ಕಿ. ಇದರಲ್ಲಿ ಮಾತ್ರ ತಾಳ್ಮೆ ಬೇಕು. ತೆಳು ಅವಲಕ್ಕಿಯನ್ನು ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಕೈಯಾಡಿಸುತ್ತಲೇ ಇರಬೇಕು. ಬಣ್ಣ ಬದಲಾಗಬಾರದು, ಬೆರಳಲ್ಲಿ ಒತ್ತಿದರೆ ಚಟ್ ಅಂತ ಮುರಿಯಬೇಕು. ಆಮೇಲೆ ಬೇರೆಯಾಗಿ ಎಣ್ಣೆ ಕಾಯಿಸಿ ಶೇಂಗಾ, ಒಣಮೆಣಸು, ಕರಿಬೇವು. ಕರಿಬೇವಿನ ಸದ್ದು ಪೂರ್ತಿ ನಿಲ್ಲುವವರೆಗೆ ಬಿಡಬೇಕು. ಎಲೆಯಲ್ಲಿ ಪಸೆ ಉಳಿದರೆ ಇಡೀ ಡಬ್ಬಿ ಮರುದಿನಕ್ಕೆ ಮೆತ್ತಗಾಗುತ್ತದೆ, ಅದೂ ಕಡಲ ಗಾಳಿಗೆ ಕೇಳಲೇಬೇಡಿ. ಪೂರ್ತಿ ತಣಿದ ಮೇಲೆಯೇ ಮುಚ್ಚಳ. ಬೆಳಿಗ್ಗೆ ಅದರ ಮೇಲೆ ಹಸಿ ಕಾಯಿತುರಿ, ಸ್ವಲ್ಪ ಜೋನಿ (ನೀರು) ಬೆಲ್ಲ, ಮೂರು ಲೋಟ ಚಾ ಕುಡಿಯುವವರೂ ಎರಡಕ್ಕೇ ಸುಮ್ಮನಾಗುತ್ತಾರೆ.

ಕಾಯಿ ವಿಷಯಕ್ಕೆ ಬಂದರೆ, ಆಯಿ ಪ್ರತಿ ಸಲ ಬಾಗಿಲಲ್ಲಿ ನಿಂತು ಹೇಳುತ್ತಾಳೆ: "ತಮಾ, ಕಾಯಿ ತುರ್ಕಂಡು ಹೋಗಡ. ಇಡೀ ಕಾಯಿನೇ ತಗಂಡು ಹೋಗು." ನೂರಕ್ಕೆ ನೂರು ನಿಜ. ತುರಿದದ್ದು ಸೆಖೆಗೆ ಅರ್ಧ ದಿನದಲ್ಲಿ ಹುಳಿ ವಾಸನೆ ಹೊಡೆಯುತ್ತದೆ, ಇಡೀ ಕಾಯಿ ವಾರ ಕಳೆದರೂ ಹಾಗೇ ಇರುತ್ತದೆ. ಮೊಸರನ್ನವನ್ನೂ ನಾನು ಕಟ್ಟುವುದಿಲ್ಲ. ಹೋದ ದಿನ ಮಧ್ಯಾಹ್ನಕ್ಕೆ ಚಪಾತಿ, ಮಿಡಿ ಉಪ್ಪಿನಕಾಯಿ ಸಾಕು. ರಾತ್ರಿ ಉಳಿದ ಅನ್ನವನ್ನು ಬೆಳಿಗ್ಗೆ ಬಿಸಿ ಮಾಡಿ ತಿನ್ನುವುದೂ ಬೇಡ, ಆರಲು ಬಿಟ್ಟ ಅನ್ನ ಮತ್ತೆ ಬಿಸಿ ಮಾಡಿದರೂ ಹೊಟ್ಟೆ ಕೆಡಿಸಬಹುದು.

ಪಾತ್ರೆ ಕಡಿಮೆ: ಒಂದು ದಪ್ಪ ತಳದ ಪಾತ್ರೆ, ಮುಚ್ಚಳ, ಚಾ ಪಾತ್ರೆ, ಸೌಟು, ಚೂರಿ. ಉಣ್ಣಲು ಅಡಿಕೆ ಹಾಳೆ ತಟ್ಟೆ, ತೊಳೆಯುವ ನೀರೇ ಬೇಡ. ಕಡಲ ಗಾಳಿ ಒಲೆಯ ಉರಿಯನ್ನು ಒಂದೇ ಕಡೆ ಮಲಗಿಸುತ್ತದೆ. ಒಲೆಯ ಗಾಳಿ ಬರುವ ಬದಿಗೆ ಮಾತ್ರ ಎರಡು ಚಿರೆಕಲ್ಲು ಅಡ್ಡ ಇಡುತ್ತೇನೆ. ಸುತ್ತಲೂ ಮುಚ್ಚಿದರೆ ಗ್ಯಾಸ್ ಡಬ್ಬಿ ಬಿಸಿಯಾಗುತ್ತದೆ, ಅದು ಅಪಾಯ.

ಕಾಡೊಳಗೆ ಬೆಂಕಿ ಹಾಕುವ ಮಾತೇ ಇಲ್ಲ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಅಲ್ಲಿ ಉಳಿಯಲೂಬಾರದು. ಹಾಗಾಗಿಯೇ ನಾವು ಖಾಸಗಿ ಜಾಗ ನೋಡುವುದು. ಮಂಗಗಳು ಬರುವ ಕಡೆ ಡಬ್ಬಿಗಳನ್ನು ಟೆಂಟ್ ಹೊರಗೆ ಬಿಡಬೇಡಿ.

ತಿನಿಸಿನ ಚೀಲದಷ್ಟೇ ಮುಖ್ಯ ಇನ್ನೊಂದು ಸಣ್ಣ ಚೀಲವಿದೆ. ಟಾರ್ಚ್, ಬ್ಯಾಂಡೇಜು, ಓಆರ್‌ಎಸ್ ಪುಡಿ, ಉಂಬಳಕ್ಕೆ (ಜಿಗಣೆಗೆ) ಉಪ್ಪು. ಬೇಣಕ್ಕೆ ಹೋಗುವುದಾದರೆ ಉಣ್ಣೆ ಹುಳ ಕಚ್ಚದಂತೆ ಹಚ್ಚುವ ಡೆಪಾ ತೈಲ ಇರಲೇಬೇಕು. ನಾವು ಟೆಂಟ್ ಹೊತ್ತು ಹೊರಡುವ ಕಾಲವೇ ಮಂಗನ ಕಾಯಿಲೆಯ ಕಾಲ, ಡಿಸೆಂಬರಿನಿಂದ ಮೇ ತನಕ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಕಂಡ ಈ ಕಾಯಿಲೆ ನಮ್ಮ ಸಿದ್ದಾಪುರ, ಶಿರಸಿ ಕಡೆಗೂ ಬಂದಿದೆ. ಹರಡುವುದು ರಕ್ತ ಹೀರುವ ಈ ಉಣ್ಣೆ ಹುಳದಿಂದ. ಆರೋಗ್ಯ ಇಲಾಖೆಯವರು ಕೊಡುವ ಆ ತೈಲವನ್ನು ಕೈಕಾಲಿಗೆ ಹಚ್ಚಿ, ತುಂಬು ತೋಳಿನ ಅಂಗಿ ಹಾಕಿ, ತರಗೆಲೆ ಮೇಲೆ ಕೂರದೆ ಚಾಪೆ ಹಾಸಿಕೊಳ್ಳಿ. ಸತ್ತ ಮಂಗ ಕಂಡರೆ ಆ ಜಾಗ ಬಿಟ್ಟು ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಮನೆಗೆ ಬಂದ ಕೂಡಲೇ ಬಟ್ಟೆಗಳನ್ನು ಬಿಸಿನೀರಿಗೆ ಹಾಕಿ, ಮೈ ಉಜ್ಜಿ ಸ್ನಾನ ಮಾಡಿ. ವಾರ ಹತ್ತು ದಿನದೊಳಗೆ ಜ್ವರ, ಮೈಕೈ ನೋವು ಬಂದರೆ ಡಾಕ್ಟರ ಹತ್ತಿರ ಮೊದಲ ಮಾತಿಗೇ ಹೇಳಿ, ನಾವು ಕಾಡಂಚಿನಲ್ಲಿ ಉಳಿದಿದ್ದೆವು ಅಂತ.